ಕೊಳೆ ತಿನ್ನರ್ ಕಾಯಿಸಿದ ದಿನಗಳು

ನಾನು ರಸಾಯನಶಾಸ್ತ್ರ ಓದಿದವಳು. ಓದುವಾಗ ಒಮ್ಮೆ ಪ್ರಯೋಗಶಾಲೆಯಲ್ಲಿ ಪಕ್ಕದ ಮೇಜಿನ ಹುಡುಗಿಯ ದುಪ್ಪಟ್ಟಾಗೆ ಬೆಂಕಿ ಹತ್ತಿದ್ದನ್ನು ಕಂಡಿದ್ದೆ. ಅವಳ ಕೈಯಲ್ಲಿದ್ದ ದ್ರಾವಕದ ಬಾಟಲಿಗೂ ಉರಿಯುತ್ತಿದ್ದ ಬರ್ನರಿಗೂ ನಡುವೆ ಒಂದು ಮೇಜಿನಷ್ಟು ಅಂತರವಿತ್ತು. ಬೆಂಕಿ ಆ ಅಂತರವನ್ನು ದಾಟಿ ಬಂದದ್ದು ಯಾರ ಕಣ್ಣಿಗೂ ಕಾಣಲಿಲ್ಲ. ಹುಡುಗಿ ಉಳಿದುಕೊಂಡಳು. ಆದರೆ ಕಣ್ಣಿಗೆ ಕಾಣದ ಆವಿಯ ಭಯ ಅಂದಿನಿಂದ ನನ್ನೊಳಗೆ ಕೂತುಬಿಟ್ಟಿತು.

ಹೀಗಿರುವಾಗ ನನಗೆ ಸಿಕ್ಕಿದ ಕೆಮಿಸ್ಟ್ ಕೆಲಸ ಬಣ್ಣದ ಕಾರ್ಖಾನೆಯಲ್ಲಿ. ಎರಡು ಸಾವಿರದ ದಶಕದ ನಡುವಿನ ಮಾತು. ಕಾಸರಗೋಡಿನವಳಾದ ನಾನು ಮೈಸೂರು ಕಡೆಯವರನ್ನು ಮದುವೆಯಾಗಿದ್ದೆ. ಅವರು ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು. ಕೊಚ್ಚಿಗೆ ವರ್ಗವಾಗಿ ಬಂದು ಸಂಸಾರ ಹೂಡುವಷ್ಟರಲ್ಲಿ ಅವರನ್ನು ತಿರುವನಂತಪುರಕ್ಕೆ ಹಾಕಿದರು. ಮಗಳ ಶಾಲೆ, ನನ್ನ ಕೆಲಸ ಎಂದು ನಾವು ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದ ಬಾಡಿಗೆ ಮನೆಯಲ್ಲೇ ಉಳಿದೆವು. ಅಮ್ಮ ಊರಿನಿಂದ ಬಂದು ಜೊತೆಗಿದ್ದಳು. ಗಂಡ ಶನಿವಾರ ಸಂಜೆಯ ರೈಲಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು.

ಕಾರ್ಖಾನೆ ಎಡಪ್ಪಳ್ಳಿಯಿಂದ ಸ್ವಲ್ಪ ಮುಂದೆ, ಸಣ್ಣ ಕೈಗಾರಿಕೆಗಳ ಓಣಿಯೊಂದರ ಹೆದ್ದಾರಿ ಕಡೆಯ ತುದಿಯಲ್ಲಿತ್ತು. ಅಲ್ಲಿ ಲಾರಿ, ಬಸ್ಸುಗಳಿಗೆ ಬಳಿಯುವ ಬಣ್ಣ ತಯಾರಾಗುತ್ತಿತ್ತು. ಒಂದು ಬಣ್ಣ ಕಲಸಿ ಮುಗಿದ ಮೇಲೆ ಇನ್ನೊಂದು ಬಣ್ಣಕ್ಕೆ ಹೋಗುವ ಮುಂಚೆ ಹಂಡೆಗಳನ್ನು ತಿನ್ನರ್ ಎಂಬ ಬಣ್ಣ ಕರಗಿಸುವ ದ್ರಾವಕ ಹಾಕಿ ತೊಳೆಯಬೇಕು. ತೊಳೆದು ಉಳಿದ ಆ ಕೊಳೆ ತಿನ್ನರನ್ನು ಕಬ್ಬಿಣದ ಡ್ರಮ್ಮುಗಳಿಗೆ ತುಂಬಿ ಹಿತ್ತಲಿನಲ್ಲಿ ಇಡುತ್ತಿದ್ದರು. ಅದನ್ನು ಚರಂಡಿಗೆ ಬಿಡುವಂತಿಲ್ಲ, ನೆಲಕ್ಕೆ ಸುರಿಯುವಂತಿಲ್ಲ. ಬಹಳ ಕಾಲ ಇಟ್ಟುಕೊಳ್ಳುವಂತೆಯೂ ಇಲ್ಲ ಎಂದು ಕಾನೂನು ಹೇಳುತ್ತಿತ್ತು. ಆದರೆ ಅಂಥದ್ದನ್ನು ಸರಿಯಾಗಿ ವಿಲೇವಾರಿ ಮಾಡುವ ಜಾಗ ನಮ್ಮ ಸುತ್ತಮುತ್ತ ಆಗ ಇರಲಿಲ್ಲ. ಹಾಗಾಗಿ ಡ್ರಮ್ಮಿನ ಮೇಲೆ ಡ್ರಮ್ಮು ಏರುತ್ತಾ ಹೋಗಿ ನನ್ನ ಪ್ರಯೋಗಾಲಯದ ಕಿಟಕಿಯ ಅರ್ಧ ಬೆಳಕನ್ನು ಮುಚ್ಚಿತ್ತು.

ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಡ್ರಮ್ಮುಗಳು ಸದ್ದು ಮಾಡುತ್ತಿದ್ದವು. ಬಿಸಿಲಿಗೆ ಒಳಗಿನ ಆವಿ ಉಬ್ಬಿ ಮುಚ್ಚಳದ ತಗಡು "ಡಬ್" ಎಂದು ಮೇಲೇಳುತ್ತಿತ್ತು. ಒಂದರ ಹಿಂದೆ ಇನ್ನೊಂದು. ನಾನು ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಕೆಳಗಿಟ್ಟು ಕೂತುಬಿಡುತ್ತಿದ್ದೆ. ಹಳೆಯ ಕೆಲಸಗಾರರು ನಗುತ್ತಿದ್ದರು. "ಚೇಚಿ, ಅದು ಪ್ರತಿ ವರ್ಷ ಹಾಗೇ" ಎನ್ನುತ್ತಿದ್ದರು. ಚೇಚಿ ಎಂದರೆ ಅಕ್ಕ. ಪ್ರತಿ ವರ್ಷ ಡ್ರಮ್ಮು ಹೆಚ್ಚಾಗುತ್ತಿದೆ ಎನ್ನುವುದು ಅವರ ಲೆಕ್ಕಕ್ಕೆ ಬಂದಂತಿರಲಿಲ್ಲ.

ಮನೆಗೆ ಬಂದರೂ ಆ ವಾಸನೆ ನನ್ನ ಬೆನ್ನು ಬಿಡುತ್ತಿರಲಿಲ್ಲ. ಮಗಳು ಓಡಿ ಬಂದವಳು ಹತ್ತಿರ ಬರುತ್ತಲೇ ಮೂಗು ಮುಚ್ಚಿಕೊಂಡು ಮಲಯಾಳದಲ್ಲಿ "ಅಮ್ಮೇ, ಪೋಯಿ ಕುಳಿಕ್ಕ್" ಅನ್ನುತ್ತಿದ್ದಳು, ಹೋಗಿ ಸ್ನಾನ ಮಾಡು ಎಂದು. ಅಮ್ಮ ಅಡುಗೆಮನೆಯಿಂದ ಇಣುಕಿ ಕೇಳುತ್ತಿದ್ದಳು: "ಎಂತ ಮಗಾ, ಇಷ್ಟು ವಾಸನೆ ದಿನಾ ಒಳಗೆ ಹೋದ್ರೆ ನಿನಗೆ ಎಂತಾದ್ರೂ ಆಗ್ಲಿಕ್ಕಿಲ್ವಾ?"

"ಎಂತ ಆಗುದಿಲ್ಲ ಅಮ್ಮ" ಎನ್ನುತ್ತಿದ್ದೆ. ಏನಾಗಬಹುದು ಎಂಬುದು ಪುಸ್ತಕ ಓದಿ ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಕಾರ್ಖಾನೆಯ ಹಿಂದಿನ ಮನೆಯ ಹೆಂಗಸು ಗೇಟಿನ ಬಳಿ ನನಗಾಗಿ ಕಾಯುತ್ತಿದ್ದರು. ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರು. ಗೋಡೆಯಾಚೆ ಬಟ್ಟೆ ಒಣಗಿಸುವಾಗ ಒಂದೆರಡು ಬಾರಿ ನಕ್ಕದ್ದಷ್ಟೇ ಪರಿಚಯ. ಕೈಯಲ್ಲಿ ಔಷಧಿಯ ಖಾಲಿ ಬಾಟಲಿ, ಅದರ ತುಂಬ ನೀರು.

"ಮೋಳೆ, ನೀನು ಓದಿದವಳು. ಇದನ್ನು ಮೂಸಿ ನೋಡು" ಎಂದರು, ಮಗಳೇ ಎನ್ನುವ ಹಾಗೆ. "ನಮ್ಮ ಬಾವಿಯದು. ಮೂರು ತಲೆಮಾರಿನಿಂದ ಇದೇ ನೀರು ಕುಡಿದಿದ್ದೇವೆ. ಈಗ ಗಂಜಿಯೂ ಇದೇ ವಾಸನೆ, ಮಕ್ಕಳ ಬಾಯಿಯೂ ಇದೇ ವಾಸನೆ."

ನಾನು ಮುಚ್ಚಳ ತೆಗೆದೆ. ಮೂಗಿನ ಹತ್ತಿರ ತರುವ ಅಗತ್ಯವೂ ಬೀಳಲಿಲ್ಲ. ನನ್ನ ಸೀರೆಯಲ್ಲಿ, ನನ್ನ ಊಟದ ಡಬ್ಬಿಯಲ್ಲಿ ಇದ್ದ ವಾಸನೆಯೇ ಅದು.

"ಕುಡಿಯಬೇಡಿ ಚೇಚಿ" ಎಂದೆ. "ಮಕ್ಕಳಿಗೂ ಕೊಡಬೇಡಿ. ಕಾಯಿಸಿದರೂ ಬೇಡ. ಇವತ್ತೇ ನಿಲ್ಲಿಸಿ."

ಅವರು ನನ್ನ ಮುಖ ನೋಡಿದರು. ಬಾಟಲಿಯನ್ನು ನನ್ನ ಕೈಯಲ್ಲೇ ಬಿಟ್ಟು ಹೊರಟುಹೋದರು.

ನಾನು ನೇರವಾಗಿ ಹಿತ್ತಲಿಗೆ ಹೋದೆ. ಗೋಡೆಯ ಬುಡದಲ್ಲಿ, ಎಲ್ಲಕ್ಕಿಂತ ಕೆಳಗಿನ ಸಾಲಿನ ಡ್ರಮ್ಮೊಂದರ ಅಂಚು ತುಕ್ಕು ತಿಂದು ಬಾಯಿ ಬಿಟ್ಟಿತ್ತು. ನೆಲ ಒದ್ದೆಯಾಗಿತ್ತು. ಮಣ್ಣಿನ ಮೇಲೆ ನೀಲಿ ಹಸಿರು ಬಣ್ಣ ಹೊಳೆಯುತ್ತಿತ್ತು.

ಮುದಲಾಳಿ, ಅಂದರೆ ನಮ್ಮ ಮಾಲೀಕರು, ಅರವತ್ತರ ಆಸುಪಾಸಿನವರು. ತಮ್ಮ ಕೈಯಿಂದಲೇ ಬಣ್ಣ ಕಲಸುತ್ತಾ ಮೇಲೆ ಬಂದವರು. ನನ್ನನ್ನು ಮಗಳಂತೆ "ಮೋಳೆ" ಎಂದೇ ಕರೆಯುತ್ತಿದ್ದರು. ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ಸಿಟ್ಟು ಬಂತು.

"ಕುಡಿಯಬೇಡಿ ಅಂತ ನೀನೇ ಹೇಳಿದೆಯಾ? ನಮ್ಮ ಕಾರ್ಖಾನೆಯ ಕೆಮಿಸ್ಟೇ ಹೇಳಿದಳು ಅಂತ ನಾಳೆ ಊರೆಲ್ಲ ಹೇಳುತ್ತಾರೆ. ಇಲ್ಲಿ ಎಷ್ಟು ಮನೆಯ ಒಲೆ ಉರಿಯುತ್ತಿದೆ ಗೊತ್ತಾ ನಿನಗೆ?"

"ಆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಸಾರ್."

ಅವರು ಮಧ್ಯಾಹ್ನದ ಹೊತ್ತಿಗೆ ಆ ಮನೆಗೆ ಟ್ಯಾಂಕರಿನಲ್ಲಿ ನೀರು ಕಳಿಸಿದರು. ಆದರೆ ಒಂದು ವಾರ ನನ್ನನ್ನು ಹೆಸರು ಹಿಡಿದೂ ಕರೆಯಲಿಲ್ಲ, ಮೋಳೆ ಎಂದೂ ಕರೆಯಲಿಲ್ಲ.

ಹಿಂಮನೆಯವರು ದೂರು ಕೊಟ್ಟರು. ಕೊಡದೆ ಇನ್ನೇನು ಮಾಡಿಯಾರು? ಮಾಲಿನ್ಯ ತಡೆಯುವ ಸರ್ಕಾರಿ ಕಚೇರಿಯವರು ಬಂದು ಡ್ರಮ್ಮುಗಳನ್ನು ನೋಡಿದರು, ಮಣ್ಣು ತೆಗೆದುಕೊಂಡು ಹೋದರು. ನೋಟೀಸು ಬಂತು. ಇಷ್ಟೊಂದು ಅಪಾಯಕಾರಿ ತ್ಯಾಜ್ಯ ಹೇಗೆ ಸೇರಿತು, ಇದನ್ನು ಹೇಗೆ ಕಡಿಮೆ ಮಾಡುತ್ತೀರಿ, ಇನ್ನು ಮುಂದೆ ಹುಟ್ಟದಂತೆ ಏನು ಮಾಡುತ್ತೀರಿ ಎಂದು ತಿರುವನಂತಪುರದ ಮುಖ್ಯ ಕಚೇರಿಗೆ ಬಂದು ಉತ್ತರಿಸಬೇಕು. ಉತ್ತರ ಸರಿಯಿಲ್ಲದಿದ್ದರೆ ಕಾರ್ಖಾನೆಗೆ ಬೀಗ.

ಆ ವಾರವೇ ಒಬ್ಬ ಮನುಷ್ಯ ಬಂದ. ಇಸ್ತ್ರಿ ಮಾಡಿದ ಬಿಳಿ ಮುಂಡು ಪಂಚೆ, ಅಂಗಿಯ ಜೇಬಿನಲ್ಲಿ ಮೊಬೈಲು. ಡ್ರಮ್ಮುಗಳನ್ನೆಲ್ಲ ತಾನು ಲಾರಿಯಲ್ಲಿ ಒಯ್ಯುತ್ತೇನೆ ಎಂದ. "ಎಲ್ಲಿಗೆ?" ಎಂದು ನಾನು ಕೇಳಿದೆ. ಅವನು ನನಗೆ ಉತ್ತರ ಕೊಡದೆ ಮುದಲಾಳಿಯ ಕಡೆ ತಿರುಗಿ ನಕ್ಕ. "ಅದು ನಿಮಗೆ ಯಾಕೆ ಸಾರ್? ನಿಮ್ಮ ಹಿತ್ತಲು ಖಾಲಿಯಾದರೆ ಆಯಿತಲ್ಲ."

ಅವನು ಹೋದ ಮೇಲೆ ಮುದಲಾಳಿ ಕೂತಲ್ಲಿಂದಲೇ ಕಿಟಕಿಯಾಚೆಯ ಡ್ರಮ್ಮುಗಳನ್ನು ಎಣಿಸತೊಡಗಿದರು. ಆ ಎಣಿಕೆ ನನಗೆ ಡ್ರಮ್ಮುಗಳಿಗಿಂತ ಹೆಚ್ಚು ಭಯ ಹುಟ್ಟಿಸಿತು. ಯಾವುದೋ ಕಾಲುವೆ, ಯಾವುದೋ ಗದ್ದೆ, ಇನ್ಯಾರದೋ ಬಾವಿ ನನ್ನ ಕಣ್ಣ ಮುಂದೆ ಬಂತು. ಆಗ ನನ್ನ ಬಾಯಿಂದ ಬಂದ ಮಾತು, ಮೊದಲಿನಿಂದಲೂ ಮನಸ್ಸಿನಲ್ಲಿದ್ದರೂ ಹೇಳಲು ನಾನೇ ಹೆದರಿದ್ದ ಮಾತು:

"ಸಾರ್, ಅದನ್ನು ಎಲ್ಲಿಗೂ ಕಳಿಸುವುದು ಬೇಡ. ನಾವೇ ಬಟ್ಟಿ ಇಳಿಸೋಣ. ಕಾಯಿಸಿದರೆ ತಿನ್ನರ್ ಆವಿಯಾಗಿ ಮೇಲೆ ಬರುತ್ತದೆ. ಅದನ್ನು ತಣ್ಣಗೆ ಮಾಡಿದರೆ ಮತ್ತೆ ಶುದ್ಧ ತಿನ್ನರ್. ಅದರಲ್ಲೇ ಪುನಃ ಹಂಡೆ ತೊಳೆಯಬಹುದು. ತಳದಲ್ಲಿ ಉಳಿಯುವುದು ಸ್ವಲ್ಪ ಕೆಸರು ಮಾತ್ರ."

"ತಿನ್ನರನ್ನು ಕಾಯಿಸುವುದಾ?" ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಬೀಡಿ ಸೇದಿದವನನ್ನು ಕೆಲಸದಿಂದ ತೆಗೆದವನು ನಾನು. ನನಗೆ ಒಲೆ ಹಚ್ಚು ಅಂತೀಯಾ?"

"ಒಲೆ ಅಲ್ಲ ಸಾರ್. ಬೆಂಕಿಯೇ ಇಲ್ಲ. ಬಿಸಿ ಎಣ್ಣೆಯ ಹೊದಿಕೆ ಇರುವ ಪಾತ್ರೆ. ಅಂಥ ಯಂತ್ರ ಸಿಗುತ್ತದೆ."

"ನಿನಗೆ ಹೆದರಿಕೆ ಇಲ್ಲವಾ?"

"ಇದೆ" ಎಂದೆ. "ತುಂಬಾ ಇದೆ."

ಯಾಕೋ ಆ ಉತ್ತರ ಅವರಿಗೆ ಸಮಾಧಾನ ತಂದಂತೆ ಕಂಡಿತು. ಮತ್ತೆ ಕೂತು, "ಸರಿ, ತಿರುವನಂತಪುರದಲ್ಲಿ ನೀನೇ ಹೇಳು ಮೋಳೆ" ಎಂದರು.

ಮುದಲಾಳಿ ತಮ್ಮ ಕಾರಿನಲ್ಲಿ ಬರುವವರಿದ್ದರು. ನಾನು ಹಿಂದಿನ ದಿನವೇ ರೈಲು ಹತ್ತಿ ಗಂಡನ ಕೋಣೆಗೆ ಹೋದೆ. ಅವರು ನನಗಾಗಿ ಅನ್ನ, ತಿಳಿಸಾರು ಮಾಡಿಟ್ಟಿದ್ದರು. ನಾನು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಆಡಿಸುತ್ತಾ ಕೂತೆ.

"ಏನಾಯ್ತು ನಿಂಗೆ? ಬರೀ ವಿಚಾರಣೆ ತಾನೇ" ಎಂದರು.

"ವಿಚಾರಣೆಯ ಹೆದರಿಕೆ ಅಲ್ಲ. ಅವರು ಒಪ್ಪಿದ್ರೆ ಅಂತ ಹೆದರಿಕೆ."

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಒಪ್ಪದಿದ್ದರೆ ಕಾರ್ಖಾನೆ ಮುಚ್ಚುತ್ತದೆ, ಆ ಬಿಳಿ ಮುಂಡಿನವನು ಬರುತ್ತಾನೆ. ಒಪ್ಪಿದರೆ ದಿನವೂ ಆ ಪಾತ್ರೆಯ ಪಕ್ಕದಲ್ಲಿ ಮನುಷ್ಯರನ್ನು ನಿಲ್ಲಿಸಬೇಕು. ಏನಾದರೂ ಆದರೆ ಅದು ನನ್ನ ಮಾತಿನಿಂದ ಆದದ್ದು.

ಅವರು ತಮ್ಮ ತಟ್ಟೆ ಬದಿಗಿಟ್ಟು ಹೇಳಿದರು. "ಬಿಟ್ಬಿಡು ಕಣೇ ಆ ಕೆಲ್ಸ. ಇಲ್ಲಿಗೇ ಬಂದ್ಬಿಡಿ ಮೂರೂ ಜನ. ಹೇಗೋ ನಡೆಯುತ್ತೆ."

ಆ ಮಾತಿಗೆ ಒಲಿಯುವ ಆಸೆ ನನಗೆಷ್ಟಿತ್ತು ಎಂದು ಹೇಳಲಾರೆ. ಆದರೆ ನಾನು ಬಿಟ್ಟರೆ ಡ್ರಮ್ಮುಗಳೇನೂ ಅಲ್ಲಿಂದ ಏಳುತ್ತಿರಲಿಲ್ಲ.

ಮರುದಿನ ನಮ್ಮನ್ನು ವಿಚಾರಿಸಿದವರು ಹಿರಿಯ ಮಹಿಳಾ ಎಂಜಿನಿಯರ್. ನರೆತ ಕೂದಲು, ಗಂಜಿ ಹಾಕಿದ ಹತ್ತಿ ಸೀರೆ. ಮುದಲಾಳಿ ಕೈಮುಗಿದು ಕಷ್ಟಸುಖ ಹೇಳಲು ಹೊರಟರೆ ಅವರು ಕೈಯೆತ್ತಿ ತಡೆದರು. "ಕಡಿಮೆ ಮಾಡುವುದು ಹೇಗೆ? ಅಷ್ಟು ಹೇಳಿ."

ನಾನು ಹೇಳಿದೆ. ಬಟ್ಟಿ ಇಳಿಸಿದರೆ ಕೊಳೆ ತಿನ್ನರಿನ ಬಹುಪಾಲು ತಿರುಗಿ ಕೆಲಸಕ್ಕೆ ಬರುತ್ತದೆ, ಅಷ್ಟರ ಮಟ್ಟಿಗೆ ಹೊಸ ತಿನ್ನರ್ ತರುವುದು ತಪ್ಪುತ್ತದೆ. ಬಣ್ಣ ಕಲಸುವ ಸರದಿಯನ್ನೂ ಬದಲಿಸುತ್ತೇವೆ. ಮೊದಲು ಬಿಳಿ, ಆಮೇಲೆ ಹಳದಿ, ಕೆಂಪು, ಕೊನೆಗೆ ಕಪ್ಪು. ಹಾಗೆ ತಿಳಿಯಿಂದ ಗಾಢಕ್ಕೆ ಹೋದರೆ ನಡುವೆ ಅಷ್ಟೊಂದು ತೊಳೆಯಬೇಕಾಗಿಲ್ಲ. ಉಳಿದ ಕೆಸರನ್ನು ಗಟ್ಟಿ ಮಾಡಿ, ಚಾವಣಿಯಡಿ, ಸಿಮೆಂಟು ನೆಲದ ಮೇಲೆ ಇಡುತ್ತೇವೆ, ಅದನ್ನು ಸರಿಯಾಗಿ ವಿಲೇವಾರಿ ಮಾಡುವ ಜಾಗ ತಯಾರಾದ ಕೂಡಲೇ ಅಲ್ಲಿಗೆ ಕಳಿಸುತ್ತೇವೆ.

ಅವರು ಎಲ್ಲ ಕೇಳಿ ಕನ್ನಡಕ ತೆಗೆದರು. "ಕಾಗದದ ಮೇಲೆ ಎಲ್ಲರೂ ಮರುಬಳಕೆ ಮಾಡುತ್ತಾರೆ" ಎಂದರು ಇಂಗ್ಲಿಷಿನಲ್ಲಿ. "ಯಂತ್ರ ನಡೆಯುವಾಗ ನೀವು ಎಲ್ಲಿರುತ್ತೀರಿ?"

"ಅದರ ಪಕ್ಕದಲ್ಲೇ ಇರುತ್ತೇನೆ ಮ್ಯಾಡಂ."

ಅವರು ಒಪ್ಪಿದರು. ಆದರೆ ಷರತ್ತುಗಳು ಒಂದೆರಡಲ್ಲ. ಸೋರುವ ಡ್ರಮ್ಮುಗಳನ್ನು ಕೂಡಲೇ ಬದಲಿಸಬೇಕು, ಕೆಟ್ಟ ಮಣ್ಣನ್ನು ತೆಗೆಯಬೇಕು, ಹಿಂಮನೆಗೆ ಕುಡಿಯುವ ನೀರಿನ ಪೈಪು ಹಾಕಿಸಬೇಕು, ಅಗ್ನಿಶಾಮಕದವರು ನೋಡಿ ಒಪ್ಪದೆ ಯಂತ್ರ ಶುರು ಮಾಡುವಂತಿಲ್ಲ. ಹೊರಗೆ ಬಂದಾಗ ಮುದಲಾಳಿ ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಯಂತ್ರ ಬಂತು. ಉಳಿದ ಕಟ್ಟಡಗಳಿಂದ ದೂರ, ಮೂರು ಕಡೆ ತೆರೆದ ಶೆಡ್ಡಿನಲ್ಲಿ ಅದನ್ನು ಕೂರಿಸಿದೆವು. ಉಕ್ಕಿನ ದುಂಡನೆಯ ಪಾತ್ರೆ, ಸುತ್ತ ಬಿಸಿ ಎಣ್ಣೆಯ ಕವಚ. ಆ ಎಣ್ಣೆಯನ್ನು ವಿದ್ಯುತ್ತು ಕಾಯಿಸುತ್ತಿತ್ತು. ಪಾತ್ರೆಯಿಂದ ಹೊರಟ ಕೊಳವೆ ಸುರುಳಿಯಾಗಿ ನೀರಿನ ತೊಟ್ಟಿಯೊಳಗೆ ಇಳಿದು ಹೊರಗೆ ಬರುತ್ತಿತ್ತು. ತೊಟ್ಟಿಯ ನೀರು ತಣ್ಣಗಿರಲೆಂದು ಒಂದು ಪಂಪು. ನಡೆಸಲು ಒಬ್ಬ ಆಪರೇಟರ್, ಜೊತೆಗೆ ನಾನು.

ಮೊದಲ ದಿನ ಮುದಲಾಳಿ ಕೆಲಸಗಾರರನ್ನೆಲ್ಲ ಗೇಟಿನಾಚೆ ಕಳಿಸಿ ತಾವು ಮಾತ್ರ ಬಂದು ನಿಂತರು. ಕಪ್ಪು ಕೆಸರಿನಂಥ ತಿನ್ನರ್ ಒಳಗೆ ಹೋಯಿತು. ಕಾದೆವು. ಕೊನೆಗೆ ಕೊಳವೆಯ ತುದಿಯಲ್ಲಿ ಒಂದು ಹನಿ ಕಾಣಿಸಿತು, ಇನ್ನೊಂದು, ಆಮೇಲೆ ದಾರದಂತೆ ಸಣ್ಣ ಧಾರೆ. ನೀರಿನಷ್ಟು ತಿಳಿ. ಮುದಲಾಳಿ ಬಗ್ಗಿ ನೋಡಿ "ಈಶ್ವರಾ" ಎಂದರು. ಆಪರೇಟರ್ ನಕ್ಕ. ನನಗೆ ನಗು ಬರಲಿಲ್ಲ. ನನ್ನ ಕಣ್ಣು ಒತ್ತಡ ತೋರಿಸುವ ಮಾಪಕದ ಮುಳ್ಳಿನ ಮೇಲೇ ಇತ್ತು.

ಕೆಲವು ವಾರ ಎಲ್ಲ ಸರಿಯಾಗಿ ನಡೆಯಿತು. ಹಿತ್ತಲಿನ ರಾಶಿ ಇಳಿಯತೊಡಗಿತು. ಉಳಿದವರು ಗೇಟಿನಾಚೆ ಹೋಗುವುದನ್ನು ಬಿಟ್ಟು ತಮ್ಮ ತಮ್ಮ ಕೆಲಸದಲ್ಲಿ ತೊಡಗಿದರು. ಹಾಗಿರುವಾಗ ಒಂದು ಮಧ್ಯಾಹ್ನ, ಪಾತ್ರೆ ಚೆನ್ನಾಗಿ ಕುದಿಯುತ್ತಿದ್ದಾಗಲೇ, ಕರೆಂಟು ಹೋಯಿತು.

ಪಂಪಿನ ಸದ್ದು ನಿಂತಿತು. ಎಣ್ಣೆ ಕಾಯಿಸುವುದೂ ನಿಂತಿತು, ನಿಜ. ಆದರೆ ಅಷ್ಟೊಂದು ಎಣ್ಣೆ ಕೂಡಲೇ ತಣಿಯುವುದಿಲ್ಲ. ಒಳಗೆ ತಿನ್ನರ್ ಕುದಿಯುತ್ತಲೇ ಇತ್ತು, ತೊಟ್ಟಿಯ ನೀರು ಬಿಸಿಯಾಗುತ್ತಾ ಬಂತು. ನಾನು ನೋಡುತ್ತಿದ್ದಂತೆಯೇ ತಿಳಿ ಧಾರೆ ತುಂಡು ತುಂಡಾಯಿತು, ಆಮೇಲೆ ಕೊಳವೆಯ ಬಾಯಿಯಿಂದ ಬಿಸಿಲ ಝಳದಂಥದ್ದು ನಡುಗುತ್ತಾ ಹೊರಬರತೊಡಗಿತು. ಹೊಗೆಯಲ್ಲ, ಬಣ್ಣವಿಲ್ಲ. ಗಾಳಿ ಅಲುಗಿದಂತೆ ಕಾಣುತ್ತಿತ್ತು, ಅಷ್ಟೇ. ಅದು ಭಾರವಾದ ಆವಿ. ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿಯುತ್ತದೆ.

"ನೀರು! ತೊಟ್ಟಿಗೆ ತಣ್ಣೀರು ಸುರಿಯಿರಿ" ಎಂದೆ. ಆಪರೇಟರ್ ಕೂಗಿ ಜನ ಕರೆದ. ಬಾಲ್ದಿಗಳು ಬಂದವು.

ಆಗ ನನಗೆ ಜನರೇಟರಿನ ನೆನಪಾಯಿತು. ಕರೆಂಟು ಹೋದರೆ ವಾಚ್‌ಮನ್ ಹೋಗಿ ಡೀಸೆಲ್ ಜನರೇಟರ್ ಶುರು ಮಾಡುವುದು ಅಲ್ಲಿಯ ಪದ್ಧತಿ. ಯಾರೂ ಹೇಳಬೇಕಾಗಿರಲಿಲ್ಲ. ಜನರೇಟರ್ ಇದ್ದದ್ದು ಶೆಡ್ಡಿನ ತಗ್ಗಿನ ಕಡೆಗೆ. ಆವಿ ಹರಿಯುತ್ತಿದ್ದದ್ದೂ ಅದೇ ಕಡೆಗೆ. ಒಂದು ಕಿಡಿ ಸಾಕಿತ್ತು.

ನಾನು ಓಡಿದೆ. ಸೀರೆ ಎತ್ತಿ ಹಿಡಿದು, ಚಪ್ಪಲಿ ಬಿಟ್ಟು ಓಡಿದೆ. ವಾಚ್‌ಮನ್ ಆಗಲೇ ಒಳಗೆ ಹೋಗಿ ಕೈ ಚಾಚಿದ್ದ. ನಾನು ಎದೆಯೊಡೆಯುವಂತೆ ಕೂಗಿದೆ.

"ಬೇಡ! ಮುಟ್ಬೇಡಿ! ದಮ್ಮಯ್ಯ, ಅದ್ನ ಮುಟ್ಬೇಡಿ!"

ಅಷ್ಟು ವರ್ಷ ಆ ಕಾರ್ಖಾನೆಯಲ್ಲಿ ಮಲಯಾಳವನ್ನೇ ಆಡಿದ ನಾನು ಆಗ ಕೂಗಿದ್ದು ಕನ್ನಡದಲ್ಲಿ. ಅವನಿಗೆ ಒಂದು ಶಬ್ದವೂ ಗೊತ್ತಿರಲಿಲ್ಲ. ಆದರೆ ತಿರುಗಿ ನನ್ನ ಮುಖ ನೋಡಿದವನು ಬೆಂಕಿ ಮುಟ್ಟಿದಂತೆ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ನಾನು ಮಲಯಾಳದಲ್ಲಿ ಹೇಳಿ ಮೇನ್ ಸ್ವಿಚ್ ತೆಗೆಸಿದೆ. ಅದು ದೂರ ಗೇಟಿನ ಬಳಿ ಇತ್ತು. ಕರೆಂಟು ತಾನಾಗಿ ತಿರುಗಿ ಬಂದರೂ ಹಿತ್ತಲಿನ ಯಾವ ಫ್ಯಾನೂ ತಿರುಗದಂತಾಯಿತು.

ಬಾಲ್ದಿ ಬಾಲ್ದಿ ನೀರು ಸುರಿದರು. ಮುದಲಾಳಿ ಕೂಡ ಮುಂಡು ಎತ್ತಿ ಕಟ್ಟಿ ಸಾಲಿನಲ್ಲಿ ನಿಂತಿದ್ದರು. ನಾನು ಹಿಂಮನೆಯ ಗೋಡೆಯ ಬಳಿ ಹೋಗಿ, "ಚೇಚಿ, ಒಲೆ ಆರಿಸಿ, ಮಕ್ಕಳನ್ನು ಕರಕೊಂಡು ರಸ್ತೆಗೆ ಹೋಗಿ" ಎಂದು ಕೂಗಿದೆ. ಅವರು ಯಾಕೆ ಎಂದು ಕೇಳದೆ ಮಕ್ಕಳನ್ನು ಎಳೆದುಕೊಂಡು ಹೊರಟದ್ದು ಕಾಣಿಸಿತು. ಎಷ್ಟು ಹೊತ್ತಾಯಿತೋ ತಿಳಿಯದು. ಕೊಳವೆಯ ಬಾಯಲ್ಲಿ ಮತ್ತೆ ಒಂದು ಹನಿ ಕಟ್ಟಿಕೊಂಡು ಬಿದ್ದಾಗ ನಾನು ಅಲ್ಲೇ ನೆಲದ ಮೇಲೆ ಕೂತೆ. ಯಾರೋ ಕುಡಿಯಲು ನೀರು ಕೊಟ್ಟರು.

"ಇದನ್ನು ಕಳಚಿ ಹಾಕೋಣ" ಎಂದರು ಮುದಲಾಳಿ ಆ ಸಂಜೆ.

ನಾನೂ ಅದನ್ನೇ ಹೇಳಬೇಕೆಂದಿದ್ದೆ. ಆದರೆ ಅವರ ಬಾಯಿಂದ ಕೇಳಿದಾಗ ಆ ಬಿಳಿ ಮುಂಡಿನವನ ನಗು ನೆನಪಾಯಿತು. "ಎತ್ತರದಲ್ಲಿ ಒಂದು ನೀರಿನ ಟ್ಯಾಂಕು ಇಡೋಣ ಸಾರ್" ಎಂದೆ. "ಕರೆಂಟು ಇಲ್ಲದಿದ್ದರೂ ನೀರು ತಾನಾಗಿ ಇಳಿಯುವ ಹಾಗೆ. ಜನರೇಟರನ್ನು ಮುಂದಿನ ಅಂಗಳಕ್ಕೆ ಒಯ್ಯೋಣ. ಅಷ್ಟಾಗದೆ ನಾನು ಇದನ್ನು ಮುಟ್ಟುವುದಿಲ್ಲ." ನಡೆದದ್ದನ್ನು ಆ ಹಿರಿಯ ಎಂಜಿನಿಯರರಿಗೂ ತಿಳಿಸಿದೆವು. ಅವರು ಬಂದು ನೋಡಿ, ಟ್ಯಾಂಕು ಕೂರಿಸಿದ ಮೇಲೆಯೇ ಮತ್ತೆ ಶುರು ಮಾಡಲು ಬಿಟ್ಟರು.

ಮುಂದಿನ ಬೇಸಿಗೆಗೆ ಹಿತ್ತಲು ಹೆಚ್ಚುಕಡಿಮೆ ಖಾಲಿಯಾಗಿತ್ತು. ಹಿಂದೆ ಡ್ರಮ್ಮುಗಟ್ಟಲೆ ಹುಟ್ಟುತ್ತಿದ್ದ ತ್ಯಾಜ್ಯ ಈಗ ಒಂದು ಮೂಲೆಯ ಗಟ್ಟಿ ಕೆಸರಿಗೆ ಇಳಿದಿತ್ತು. ಕಾರ್ಖಾನೆಗೆ ಬೀಗ ಬೀಳಲಿಲ್ಲ. ಹಿಂಮನೆಗೆ ಪೈಪಿನ ನೀರು ಬಂತು. ಬಾವಿ ಮಾತ್ರ ನಾನಿದ್ದಷ್ಟು ಕಾಲ ಸರಿಯಾಗಲಿಲ್ಲ. ಪ್ರತಿ ಮಳೆಗಾಲದ ಬಳಿಕ ನಾನೇ ನೀರು ತಂದು ಪರೀಕ್ಷಿಸುತ್ತಿದ್ದೆ. ಹಿಂಮನೆಯ ಚೇಚಿ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿಬಿಟ್ಟರು. ನನ್ನ ಮೇಲೆ ಅವರಿಗೆ ಕೋಪವಿರಲಿಲ್ಲ. ಆದರೆ ಗೋಡೆಯಾಚೆಯ ನಗು ನಿಂತುಹೋಯಿತು.

ಮುದಲಾಳಿಗೆ ಧೈರ್ಯ ಬಂತು, ನನಗಿಂತ ಹೆಚ್ಚೇ ಬಂತು. ಓಣಿಯ ಉಳಿದ ಮಾಲೀಕರನ್ನು ಕರೆತಂದು ಯಂತ್ರ ತೋರಿಸುತ್ತಿದ್ದರು. ಒಂದು ದಿನ ಅವರಲ್ಲೊಬ್ಬರು ಕೇಳದೆಯೇ ಲಾರಿಯಲ್ಲಿ ಡ್ರಮ್ಮು ಕಳಿಸಿಬಿಟ್ಟರು. "ಇದನ್ನೂ ಕಾಯಿಸಿ ಕೊಡು ಮೋಳೆ" ಎಂದರು ಮುದಲಾಳಿ. ನಾನು ಬೂಚು ತಿರುಗಿಸಿ ಸ್ವಲ್ಪವೇ ತೆರೆದೆ. ತಿನ್ನರಿನ ವಾಸನೆ ಅಲ್ಲ. ಕಟುವಾದ, ಕಣ್ಣಿನಲ್ಲಿ ನೀರು ತರಿಸುವ, ನಾನು ಯಾವತ್ತೂ ಮೂಸದ ಏನೋ ಒಂದು.

"ಬೇರೆಯವರದ್ದನ್ನು ಕಾಯಿಸಲು ನಮಗೆ ಅನುಮತಿಯೇ ಇಲ್ಲ ಸಾರ್. ಇದ್ದರೂ, ಇದರೊಳಗೆ ಏನಿದೆ ಗೊತ್ತಿಲ್ಲದೆ ನಾನು ಕಾಯಿಸುವುದಿಲ್ಲ."

ಏನಿದೆ ಎಂದು ಲಾರಿಯವನಿಗೆ ಗೊತ್ತಿರಲಿಲ್ಲ. ಕಳಿಸಿದವರಿಗೆ ಫೋನು ಮಾಡಿದರೆ ಅವರೂ ತೊದಲಿದರು. ಮುದಲಾಳಿ ಮುಖ ಸಣ್ಣದು ಮಾಡಿಕೊಂಡು, ತಿರುಗಿ ಒಯ್ಯುವಂತೆ ಲಾರಿಯವನಿಗೆ ಕೈ ಮಾಡಿದರು. ನಾನು ಬೂಚನ್ನು ಬಿಗಿ ಮಾಡಿ ಅವನಿಗೆ ಹೇಳಿದೆ: "ಇದನ್ನು ತಂದಲ್ಲಿಗೇ ಮುಟ್ಟಿಸಬೇಕು. ಬೇರೆಲ್ಲಿಯೂ ಇಳಿಸಬಾರದು." ಅವನು ತಲೆಯಾಡಿಸಿ ಹೊರಟ.

ಡ್ರಮ್ಮು ಕಳಿಸಿದವರ ಕಾರ್ಖಾನೆಗೆ ಹೋಗಲು ಲಾರಿ ಓಣಿಯೊಳಕ್ಕೆ ತಿರುಗಬೇಕಿತ್ತು. ಹಾಗೆ ತಿರುಗದೆ ಹೆದ್ದಾರಿಯ ಕಡೆಗೆ ಹೋಯಿತು. ನಾನು ಗೇಟಿನವರೆಗೆ ಓಡಿ ಕೈ ಬೀಸಿದೆ. ಅವನು ನೋಡಲಿಲ್ಲ. ಒಳಗೆ ಬಂದು ತಿರುವನಂತಪುರದ ಆ ಕಚೇರಿಗೆ ಫೋನು ಮಾಡಿ ಲಾರಿಯ ನಂಬರು ಹೇಳಿದೆ. ಅವರು ಬರೆದುಕೊಂಡರು. ಆ ಡ್ರಮ್ಮು ಕೊನೆಗೆ ಎಲ್ಲಿ ಇಳಿಯಿತು ಎಂದು ನನಗೆ ಯಾರೂ ಹೇಳಲಿಲ್ಲ.